ದಂಡಿನ ಲೆಕ್ಕ

ಬೆಂಗಳೂರಿನ ಹಳಬರು ಕಂಟೋನ್ಮೆಂಟನ್ನು ‘ದಂಡು’ ಎಂದೇ ಕರೆಯುತ್ತಾರೆ. ನಮ್ಮ ಭಾಷೆಯಲ್ಲಿ ಈ ಪದದ ಬಳಗ ವಿಚಿತ್ರವಾದುದು. ದಂಡು ಎಂದರೆ ಸೈನ್ಯ. ದಂಡ ಎಂದರೆ ಶಿಕ್ಷೆ, ತಪ್ಪಿಗೆ ತೆರುವ ಹಣ. ಮಾಡಿದ ವೆಚ್ಚ ಫಲ ಕೊಡದೆ ಹೋದಾಗಲೂ ‘ಎಲ್ಲ ದಂಡವಾಯಿತು’ ಎಂದು ನಿಟ್ಟುಸಿರು ಬಿಡುತ್ತೇವೆ. ದಂಡಿಗಾಗಿ ತೆತ್ತ ಹಣ ದಂಡವಾಗದಂತೆ ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ಈ ಪದಗಳ ನಡುವೆಯೇ ಅಡಗಿ ಕುಳಿತಿರುವಂತೆ ತೋರುತ್ತದೆ.

ಪ್ರಾಚೀನರಿಗೆ ಈ ಪ್ರಶ್ನೆ ಹೊಳೆಯದೆ ಇರಲಿಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂದಿದ್ದ ಓಲೆಗರಿಯ ಪ್ರತಿಯಿಂದ ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ರಾಜ್ಯದ ಸಪ್ತಾಂಗಗಳನ್ನು ಎಣಿಸುವಾಗ ಕೋಶದ ಬೆನ್ನಿಗೇ ದಂಡ ಬರುತ್ತದೆ. ಬೊಕ್ಕಸದ ಹಣವನ್ನು ಅಧಿಕಾರಿಗಳು ನುಂಗುವ 40 ಬಗೆಗಳನ್ನೂ ಅದೇ ಗ್ರಂಥ ಪಟ್ಟಿಮಾಡುತ್ತದೆ. ಆದರೆ ಅಲ್ಲಿ ಲೆಕ್ಕ ಕೇಳುವವನು ಅರಸ. ಒಪ್ಪಿಸುವವರು ಅವನ ಅಧಿಕಾರಿಗಳು. ತೆರಿಗೆ ತೆತ್ತ ಪ್ರಜೆಗೆ ಆ ಮಾತುಕತೆಯಲ್ಲಿ ಸ್ಥಾನವಿಲ್ಲ. ಅವನು ಅರಸನ ಜಾಗಕ್ಕೆ ಬಂದು ‘ನನ್ನ ಹಣದಿಂದ ಕಟ್ಟಿದ ಸೈನ್ಯದ ಲೆಕ್ಕ ನನಗೆ ಕೊಡಿ’ ಎಂದು ಕೇಳಿದುದು ಬಹಳ ಈಚಿನ ಕಥೆ. ನಮ್ಮ ದೇಶದಲ್ಲಿ ಆ ಕಥೆ ನಡೆದು ಬಂದ ದಾರಿಯನ್ನು ಇಲ್ಲಿ ಸ್ವಲ್ಪ ನೋಡಬಹುದು.

ಕೇಳುವ ಹಕ್ಕಿಲ್ಲದೆ ಸೈನ್ಯಕ್ಕೆ ಹಣ ತೆರುವುದೆಂದರೇನು ಎಂಬುದನ್ನು ಮೈಸೂರಿನವರಿಗೆ ವಿವರಿಸಬೇಕಾದುದಿಲ್ಲ. 1799ರಲ್ಲಿ ಟಿಪ್ಪು ಮಡಿದ ಮೇಲೆ ಆದ ಒಪ್ಪಂದದಂತೆ, ಸಂಸ್ಥಾನದ ರಕ್ಷಣೆಗೆಂದು ಕಂಪನಿಯ ಸೈನ್ಯವನ್ನು ಇಟ್ಟು, ಅದರ ಬಾಬ್ತು ವರ್ಷಕ್ಕೆ 7 ಲಕ್ಷ ವರಹಗಳನ್ನು, ಎಂದರೆ 24.5 ಲಕ್ಷ ರೂಪಾಯಿಗಳನ್ನು, ಮೈಸೂರು ಕೊಡಬೇಕಾಯಿತು. ಇದೇ ಪೊಗದಿ. 1809ರಲ್ಲಿ ಶ್ರೀರಂಗಪಟ್ಟಣದ ದಂಡು ಬೆಂಗಳೂರಿಗೆ ಬಂದು ನೆಲಸಿತು. 1881ರಲ್ಲಿ ರಾಜ್ಯವನ್ನು ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿಸುವಾಗ ಪೊಗದಿಯನ್ನು 35 ಲಕ್ಷಕ್ಕೆ ಏರಿಸಲಾಯಿತು. ಬರಗಾಲದಿಂದ ನೊಂದಿದ್ದ ಸಂಸ್ಥಾನವೆಂಬ ಕಾರಣದಿಂದ ಹೆಚ್ಚುವರಿಯ ವಸೂಲಿ 1896ರವರೆಗೆ ಮುಂದೆ ಹೋಯಿತು. ಅದೇ 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಸ್ಥಾಪಿಸಿದರು. ದೇಶೀಯ ಸಂಸ್ಥಾನಗಳಲ್ಲೆಲ್ಲ ಅದು ಮೊದಲನೆಯದೆಂದು ನಾವು ಹೆಮ್ಮೆಪಡುತ್ತೇವೆ, ಪಡಬೇಕಾದುದೇ. ಆದರೆ ಆ ಸಭೆ ಪೊಗದಿಯಲ್ಲಿ ಒಂದು ವರಹವನ್ನು ಕೂಡ ತಗ್ಗಿಸಲಾರದಾಗಿತ್ತು. ಹೆಚ್ಚುವರಿಯ 10.5 ಲಕ್ಷವನ್ನು ಬಿಟ್ಟುಕೊಡಲು ಬ್ರಿಟಿಷರು ಒಪ್ಪಿದುದು 1927ರಲ್ಲಿ, ವೈಸರಾಯ್ ಇರ್ವಿನ್ನರ ಕಾಲದಲ್ಲಿ. ಅದೂ ದೊರೆಯ ಔದಾರ್ಯವೆಂದು ಬಂದಿತೇ ಹೊರತು ಪ್ರಜೆಯ ಹಕ್ಕೆಂದು ಬರಲಿಲ್ಲ.

ತಮ್ಮ ದೇಶದಲ್ಲಿ ಈ ಹಕ್ಕಿನ ಬೆಲೆಯನ್ನು ಇಂಗ್ಲಿಷರು ಚೆನ್ನಾಗಿ ಬಲ್ಲರು. ಪಾರ್ಲಿಮೆಂಟಿನ ಒಪ್ಪಿಗೆಯಿಲ್ಲದೆ ಶಾಂತಿಕಾಲದಲ್ಲಿ ಅರಸನು ಸೈನ್ಯವನ್ನು ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧವೆಂದು 1689ರ ಹಕ್ಕುಗಳ ಶಾಸನ ಸಾರಿತು. ಸೈನ್ಯದ ಶಿಸ್ತಿಗೆ ಬೇಕಾದ ಕಾನೂನನ್ನು ಕೂಡ ಅಲ್ಪಾವಧಿಗೆ ಮಾತ್ರ ಮಂಜೂರು ಮಾಡಿ, ಪದೇ ಪದೇ ಪಾರ್ಲಿಮೆಂಟಿನ ಮುಂದೆ ಬಂದು ನಿಲ್ಲುವಂತೆ ಅವರು ಮಾಡಿದರು. ಆ ಜನವೇ ಹಿಂದೂಸ್ಥಾನಕ್ಕೆ ಬಂದಾಗ ಆ ಪಾಠವನ್ನು ಹಡಗಿನಲ್ಲಿಯೇ ಬಿಟ್ಟು ಇಳಿದರೆಂದು ಕಾಣುತ್ತದೆ.

ಇಲ್ಲಿ ಮೊದಲು ಗಟ್ಟಿಯಾಗಿ ಲೆಕ್ಕ ಕೇಳಿದವರಲ್ಲಿ ಗೋಪಾಲಕೃಷ್ಣ ಗೋಖಲೆಯವರ ಹೆಸರು ದೊಡ್ಡದು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಈ ಅಧ್ಯಾಪಕರು 1897ರಲ್ಲಿ ಲಂಡನ್ನಿಗೆ ಹೋಗಿ, ಹಿಂದೂಸ್ಥಾನದ ವೆಚ್ಚವನ್ನು ವಿಚಾರಿಸುತ್ತಿದ್ದ ವೆಲ್ಬಿ ಆಯೋಗದ ಮುಂದೆ ಸಾಕ್ಷ್ಯ ನುಡಿದರು. 1902ರಲ್ಲಿ ವೈಸರಾಯರ ಶಾಸನ ಸಭೆಯಲ್ಲಿ ತಮ್ಮ ಮೊದಲ ಬಜೆಟ್ ಭಾಷಣ ಮಾಡಿದರು. ಬೊಕ್ಕಸದಲ್ಲಿ ಹಣ ಉಳಿದಿದೆಯೆಂದು ಸರ್ಕಾರ ಬೀಗುತ್ತಿದ್ದ ಕಾಲವದು. ಬಡವನಿಂದ ಬೇಕಾದುದಕ್ಕಿಂತ ಹೆಚ್ಚು ಕಿತ್ತುಕೊಂಡರೆ ಉಳಿಯದೆ ಏನಾಗುತ್ತದೆ ಎಂಬುದು ಗೋಖಲೆಯವರ ವಾದದ ಸಾರ. ಸೈನ್ಯಕ್ಕೆ ಹೋಗುವ ದೊಡ್ಡ ಪಾಲನ್ನು ಅವರು ವರ್ಷ ವರ್ಷವೂ ಅಂಕಿಗಳೊಡನೆ ಎತ್ತಿ ತೋರಿಸಿದರು. ಅವರಿಗೆ ಇದ್ದುದು ಮಾತಾಡುವ ಅವಕಾಶ ಮಾತ್ರ. 1892ರ ಕಾಯಿದೆಯಂತೆ ಸದಸ್ಯರು ಬಜೆಟ್ಟನ್ನು ಚರ್ಚಿಸಬಹುದಾಗಿತ್ತು, ಓಟು ಹಾಕುವಂತಿರಲಿಲ್ಲ. ಹಾಗಿದ್ದೂ ಆ ಮಾತು ವ್ಯರ್ಥವಾಗಲಿಲ್ಲ. ಮಣಕ್ಕೆ ಎರಡೂವರೆ ರೂಪಾಯಿ ಇದ್ದ ಉಪ್ಪಿನ ತೆರಿಗೆ 1903, 1905, 1907ರಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಒಂದು ರೂಪಾಯಿಗೆ ಬಂದಿತು. ಓಟಿಲ್ಲದ ಮಾತಿಗೂ ತೂಕವುಂಟು, ಆಡುವವನು ಅಂಕಿಗಳನ್ನು ಓದಿಕೊಂಡು ಬಂದಿದ್ದರೆ!

1919ರ ಸುಧಾರಣೆಗಳು ಬಂದು ಚುನಾಯಿತರ ಸಂಖ್ಯೆ ಹೆಚ್ಚಿತು. ಆದರೆ ಅದೇ ಕಾಯಿದೆ ರಕ್ಷಣಾ ವೆಚ್ಚವನ್ನು ಸಭೆಯ ಓಟಿಗೆ ಹಾಕಕೂಡದೆಂದೂ, ಗವರ್ನರ್ ಜನರಲ್ ಅಪ್ಪಣೆ ಕೊಡದ ಹೊರತು ಬಜೆಟ್ಟಿನ ವೇಳೆ ಅದನ್ನು ಚರ್ಚಿಸಲೂ ಕೂಡದೆಂದೂ ಬೇಲಿ ಹಾಕಿತು. ಸದಸ್ಯರು ಬೇರೆ ದಾರಿ ಹುಡುಕಿದರು. 1921ರಲ್ಲಿ ಮದ್ರಾಸಿನ ಸರ್ ಪಿ. ಎಸ್. ಶಿವಸ್ವಾಮಿ ಅಯ್ಯರ್ ಅವರು ಎಶರ್ ಸಮಿತಿಯ ವರದಿಯ ಮೇಲೆ ಕೇಂದ್ರ ಶಾಸನ ಸಭೆಯಲ್ಲಿ ನಿರ್ಣಯಗಳನ್ನು ಮಂಡಿಸಿದರು. ಹಿಂದೂಸ್ಥಾನದ ಸೈನ್ಯ ಇರುವುದು ಹೊರಗಿನ ಆಕ್ರಮಣದಿಂದ ಈ ದೇಶವನ್ನು ಕಾಪಾಡಲು ಮತ್ತು ಒಳಗೆ ಶಾಂತಿ ನೆಲಸುವಂತೆ ಮಾಡಲು, ಸಾಮ್ರಾಜ್ಯದ ಕೆಲಸಕ್ಕಲ್ಲ ಎಂಬುದು ಅವುಗಳ ಹುರುಳು. ‘ಎಷ್ಟು ವೆಚ್ಚ?’ ಎಂಬ ಪ್ರಶ್ನೆಗೆ ಮುಂಚೆ ‘ಯಾವುದಕ್ಕಾಗಿ ವೆಚ್ಚ?’ ಎಂದು ಕೇಳಬೇಕೆಂಬ ವಿವೇಕ ಅಲ್ಲಿ ಕಾಣುತ್ತದೆ. ಗೋಖಲೆಯವರಾಗಲಿ ಅಯ್ಯರ್ ಅವರಾಗಲಿ ಸೈನ್ಯದ ದ್ವೇಷಿಗಳಲ್ಲ. ಸೈನ್ಯದ ಉನ್ನತ ಹುದ್ದೆಗಳು ಭಾರತೀಯರಿಗೂ ದೊರೆಯಬೇಕೆಂದು ಹೋರಾಡಿದವರು ಅವರೇ.

1950ರ ಸಂವಿಧಾನ ಬೇಲಿಯನ್ನು ಕಿತ್ತು ಹಾಕಿತು. ಅಂದಿನಿಂದ ರಕ್ಷಣಾ ಇಲಾಖೆಯ ಒಂದೊಂದು ಬೇಡಿಕೆಯೂ ಲೋಕಸಭೆಯ ಮಂಜೂರಾತಿಗೆ ಬರಬೇಕು. ಖರ್ಚಾದ ಮೇಲೆ ಮಹಾಲೇಖಪಾಲರು ಲೆಕ್ಕ ತನಿಖೆ ಮಾಡಬೇಕು. ಅವರ ವರದಿಯನ್ನು ಹಿಡಿದು ಸಾರ್ವಜನಿಕ ಲೆಕ್ಕಪತ್ರ ಸಮಿತಿ ಅಧಿಕಾರಿಗಳನ್ನು ಕರೆಸಿ ಕೇಳಬೇಕು. ಕಾಗದದ ಮೇಲೆ ಇದಕ್ಕಿಂತ ಚೆನ್ನಾದ ಏರ್ಪಾಡು ಕಷ್ಟ. ಏರ್ಪಾಡಿನ ಮೊದಲ ಪರೀಕ್ಷೆಯೂ ಬಹು ಬೇಗ ಬಂದಿತು.

1948ರಲ್ಲಿ ಕಾಶ್ಮೀರದ ಯುದ್ಧ ನಡೆಯುತ್ತಿದ್ದಾಗ ಸೈನ್ಯಕ್ಕೆ ಜೀಪುಗಳು ತುರ್ತಾಗಿ ಬೇಕಾಗಿದ್ದವು. ಲಂಡನ್ನಿನಲ್ಲಿ ನಮ್ಮ ಹೈಕಮಿಷನರಾಗಿದ್ದ ವಿ. ಕೆ. ಕೃಷ್ಣ ಮೆನನ್ ಅವರ ಮೂಲಕ ಹಳೆಯ ಜೀಪುಗಳನ್ನು ದುರಸ್ತಿ ಮಾಡಿ ಒದಗಿಸುವ ಕರಾರಾಯಿತು. ಬಂದವು 155. ಮದ್ರಾಸಿನ ಬಂದರಿನಲ್ಲಿ ಇಳಿದ ಅವು ಬಳಸಲು ಯೋಗ್ಯವಲ್ಲವೆಂದು ಸೈನ್ಯ ತಿರಸ್ಕರಿಸಿತು. ಲೆಕ್ಕಪತ್ರ ಸಮಿತಿ ಈ ವ್ಯವಹಾರವನ್ನು ಹಿಡಿದು ವಿಚಾರಿಸಿತು, ತನ್ನ ಅಸಮಾಧಾನವನ್ನು ಬರೆದಿಟ್ಟಿತು. ಫಲವೇನು? 1955ರಲ್ಲಿ ಸರ್ಕಾರ ಆ ಕಡತವನ್ನು ಮುಚ್ಚಿತೆಂದು ಪ್ರಕಟಿಸಿತು. 1956ರಲ್ಲಿ ಮೆನನ್ ಅವರು ಕೇಂದ್ರ ಮಂತ್ರಿಗಳಾದರು. 1957ರಲ್ಲಿ ರಕ್ಷಣಾ ಖಾತೆಯೇ ಅವರ ಕೈಗೆ ಬಂದಿತು. ಮೆನನ್ ಸ್ವಂತಕ್ಕೆ ಹಣ ಮಾಡಿಕೊಂಡರೆಂದು ಯಾರೂ ಸಿದ್ಧಮಾಡಲಿಲ್ಲ. ಆದರೆ ಒಂದು ಕೆಟ್ಟ ಪದ್ಧತಿ ಸಿದ್ಧವಾಯಿತು: ಕೇಳಬಹುದು, ಉತ್ತರ ಬರಲೇಬೇಕೆಂಬುದೇನಿಲ್ಲ.

ಇದರ ನಿಜವಾದ ಬೆಲೆ ತಿಳಿದುದು 1959ರಿಂದ 1962ರವರೆಗಿನ ಮೂರು ವರ್ಷಗಳಲ್ಲಿ. ಅಕ್ಸಾಯ್ ಚಿನ್ನಿನ ಮೂಲಕ ತಾನು ರಸ್ತೆ ಹಾಕಿರುವುದನ್ನು ಚೀನವೇ 1957ರಲ್ಲಿ ಸಾರಿತ್ತು. ನಮ್ಮ ಸರ್ಕಾರ 1958ರ ಅಕ್ಟೋಬರಿನಲ್ಲಿ ಪ್ರತಿಭಟನೆಯ ಪತ್ರ ಕಳುಹಿಸಿತ್ತು. ಆದರೆ ಈ ಸಂಗತಿಯನ್ನು ನೆಹರೂರವರು ಲೋಕಸಭೆಗೆ ತಿಳಿಸಿದುದು 1959ರ ಆಗಸ್ಟ್ 28ರಂದು, ಲೋಂಗ್‌ಜು ಠಾಣೆಯ ಮೇಲೆ ಗುಂಡು ಹಾರಿದ ಮೂರು ದಿನಗಳ ಮೇಲೆ. ಪಾರ್ಲಿಮೆಂಟಿನ ಸದಸ್ಯರು ಬೆಚ್ಚಿದರು. ತಮ್ಮ ಮನೆಯ ಹಿತ್ತಲಲ್ಲಿ ನೆರೆಯವನು ದಾರಿ ಮಾಡಿಕೊಂಡುದನ್ನು ಎರಡು ವರ್ಷ ತಡವಾಗಿ ಕೇಳಿದ ಯಜಮಾನನ ಪಾಡು ಅವರದಾಯಿತು.

ಇನ್ನೂ ಆ ಕಾವು ಆರಿರಲಿಲ್ಲ. ಆಗಸ್ಟ್ 31ರಂದು ಭೂಸೇನೆಯ ಮುಖ್ಯಸ್ಥರು ರಾಜೀನಾಮೆ ಕೊಟ್ಟರೆಂಬ ಸುದ್ದಿ ಹಬ್ಬಿತು. ಅವರು ನಮ್ಮ ಕೊಡಗಿನ ಜನರಲ್ ಕೆ. ಎಸ್. ತಿಮ್ಮಯ್ಯನವರು. ರಕ್ಷಣಾ ಮಂತ್ರಿಗಳೊಡನೆ ಅವರಿಗೆ ಹೊಂದಿಕೆಯಿರಲಿಲ್ಲ. ಬಡ್ತಿಗಳ ವಿಷಯದಲ್ಲಿ ಮಂತ್ರಿಗಳು ಕೈಹಾಕುತ್ತಾರೆಂಬ ಅಸಮಾಧಾನ ಸೇನೆಯೊಳಗೆ ಬೆಳೆದಿತ್ತು. ನೆಹರೂರವರು ಕರೆದು ಮಾತಾಡಿ ರಾಜೀನಾಮೆಯನ್ನು ಹಿಂದಕ್ಕೆ ತೆಗೆದುಕೊಳ್ಳುವಂತೆ ಮಾಡಿದರು. ಸೆಪ್ಟೆಂಬರ್ 2ರಂದು ಲೋಕಸಭೆಯಲ್ಲಿ ಮಾತಾಡುತ್ತ, ಭಿನ್ನಾಭಿಪ್ರಾಯಗಳು ದೊಡ್ಡವಲ್ಲ, ಸ್ವಭಾವಗಳ ತಿಕ್ಕಾಟವೆಂದೂ, ಸೇನೆಯ ಮೇಲೆ ನಾಗರಿಕ ಅಧಿಕಾರವೇ ಪರಮವಾದುದೆಂದೂ ಹೇಳಿದರು.

ಎರಡನೆಯ ಮಾತು ಪೂರ್ತಿ ಸರಿ. ನೆರೆಹೊರೆಯ ದೇಶಗಳಲ್ಲಿ ಆ ವೇಳೆಗಾಗಲೇ ದಂಡನಾಯಕರು ಸಿಂಹಾಸನವೇರಿದ್ದರು. ನಮ್ಮಲ್ಲಿ ಹಾಗಾಗಲಿಲ್ಲವೆಂಬುದು ಸಣ್ಣ ಸಂಗತಿಯಲ್ಲ. ಆದರೆ ನಾಗರಿಕ ಅಧಿಕಾರವೆಂದರೆ ಒಬ್ಬ ಮಂತ್ರಿಯ ಅಧಿಕಾರವೇ? ಮಂತ್ರಿ ಸೇನಾಪತಿಯನ್ನು ಕೇಳಬೇಕು, ಮಂತ್ರಿಯನ್ನು ಪಾರ್ಲಿಮೆಂಟು ಕೇಳಬೇಕು. ಮೊದಲನೆಯ ಸರಪಳಿಯನ್ನು ಬಿಗಿಮಾಡಿ ಎರಡನೆಯದನ್ನು ಸಡಿಲ ಬಿಟ್ಟರೆ ಅದು ಅರ್ಧ ಪ್ರಜಾಪ್ರಭುತ್ವ. ತಿಮ್ಮಯ್ಯನವರ ರಾಜೀನಾಮೆಯ ಹಿಂದೆ ಸೇನೆಯ ಸಿದ್ಧತೆಯ ಬಗ್ಗೆ ಕೇಳಬೇಕಾದ ಪ್ರಶ್ನೆಗಳು ಇದ್ದವು. ‘ಯಾರು ಸರಿ, ಯಾರು ತಪ್ಪು’ ಎಂಬ ಗದ್ದಲದಲ್ಲಿ ಅವು ಮುಳುಗಿಹೋದವು.

ಹಾಗೆಂದು ಸಭೆ ಮೌನವಾಗಿತ್ತೆಂದು ತಿಳಿಯಬಾರದು. ಆ ವರ್ಷಗಳಲ್ಲಿ ಗಡಿಯ ಮೇಲೆ ಚರ್ಚೆಯ ಮೇಲೆ ಚರ್ಚೆ ನಡೆಯಿತು. ಲಡಾಖಿನಲ್ಲಿ ಹುಲ್ಲು ಕೂಡ ಬೆಳೆಯದೆಂದು ನೆಹರೂರವರು ಅಂದುದಕ್ಕೆ, ತಮ್ಮ ಬೋಳುತಲೆಯನ್ನು ತೋರಿಸಿ, ಇಲ್ಲೂ ಏನೂ ಬೆಳೆಯುವುದಿಲ್ಲ, ಇದನ್ನೂ ಕೊಟ್ಟುಬಿಡೋಣವೇ ಎಂದು ಮಹಾವೀರ ತ್ಯಾಗಿಯವರು ಕೇಳಿದ ಕಥೆ ಪ್ರಸಿದ್ಧವಾಗಿದೆ. 1961ರ ಏಪ್ರಿಲಿನಲ್ಲಿ ರಕ್ಷಣಾ ಬೇಡಿಕೆಗಳ ಚರ್ಚೆಯಲ್ಲಿ ಆಚಾರ್ಯ ಕೃಪಲಾನಿಯವರು, ಸೇನೆಯಲ್ಲಿ ಗುಂಪುಗಾರಿಕೆ ಬೆಳೆಸಿದ್ದೀರಿ, ಬಡದೇಶದ ಹಣವನ್ನು ಪೋಲು ಮಾಡಿದ್ದೀರಿ, ದೇಶದ ರಕ್ಷಣೆಯನ್ನು ಕಡೆಗಣಿಸಿದ್ದೀರಿ ಎಂದು ಮೆನನ್ ಅವರ ಮುಖಕ್ಕೇ ಹೇಳಿದರು. ಮರುವರ್ಷದ ಚುನಾವಣೆಯಲ್ಲಿ ಉತ್ತರ ಮುಂಬಯಿಯಲ್ಲಿ ಇಬ್ಬರೂ ಎದುರಾಳಿಗಳಾದರು, ಮೆನನ್ ಗೆದ್ದರು.

ಈ ಚರ್ಚೆಗಳಲ್ಲಿ ಶೌರ್ಯದ ಮಾತಿತ್ತು, ಕೋಪವಿತ್ತು, ವ್ಯಂಗ್ಯವಿತ್ತು. ಮೆನನ್ ಅವರ ಮೇಲೆ ಇದ್ದ ಪ್ರೀತಿ ದ್ವೇಷಗಳು ಧಾರಾಳವಾಗಿ ಹರಿದವು. ಮೆನನ್ ಅವರೂ ಬರಿಗೈಯಲ್ಲಿರಲಿಲ್ಲ. ಶಸ್ತ್ರಗಳನ್ನು ನಾವೇ ತಯಾರಿಸಿಕೊಳ್ಳಬೇಕೆಂಬುದು ಅವರ ಹಟ. ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಕಟ್ಟಿದ ಮಾರುತ್ ವಿಮಾನ 1961ರಲ್ಲಿ ಮೊದಲ ಬಾರಿ ಹಾರಿದುದು ಆ ಹಟದ ಒಂದು ಫಲ. ಆದರೆ ಹದಿನಾಲ್ಕು ಸಾವಿರ ಅಡಿ ಎತ್ತರದಲ್ಲಿ ನಿಲ್ಲಬೇಕಾದ ಸಿಪಾಯಿಗೆ ಉಣ್ಣೆಯ ಕೋಟುಂಟೇ, ಬೂಟುಂಟೇ, ಅವನ ಕೈಯ ಬಂದೂಕು ಯಾವ ಕಾಲದ್ದು, ಅವನ ಠಾಣೆಗೆ ರಸ್ತೆಯುಂಟೇ ಎಂಬ ಸಪ್ಪೆಯಾದ ಪ್ರಶ್ನೆಗಳನ್ನು ಹಿಡಿದು, ಉತ್ತರ ಬರುವ ತನಕ ಬಿಡದೆ ಕುಳಿತವರು ಎಷ್ಟು ಮಂದಿ? ಒಂದು ಕಡೆ ಚೀನೀಯರನ್ನು ಹೊಡೆದೋಡಿಸಿ ಎಂಬ ಒತ್ತಾಯ, ಇನ್ನೊಂದು ಕಡೆ ಓಡಿಸುವವನ ಕೈಯಲ್ಲಿ ಏನಿದೆ ಎಂಬುದರ ಅಜ್ಞಾನ. ಈ ಎರಡರ ನಡುವೆ, 1961ರ ನವೆಂಬರಿನಲ್ಲಿ, ಗಡಿಯುದ್ದಕ್ಕೂ ಸಣ್ಣ ಸಣ್ಣ ಠಾಣೆಗಳನ್ನು ಮುಂದಕ್ಕೆ ಒಯ್ಯುವ ನೀತಿಯನ್ನು ಸರ್ಕಾರದ ಕೆಲವೇ ಮಂದಿ ಕೂಡಿ ನಿರ್ಧರಿಸಿದರು.

ಮುಂದಿನದು ನಮಗೆಲ್ಲ ತಿಳಿದ ದುಃಖ. 1962ರ ಅಕ್ಟೋಬರ್ 12ರಂದು ಕೊಲಂಬೊಗೆ ಹೊರಟ ಪ್ರಧಾನಿಗಳು, ನಮ್ಮ ನೆಲವನ್ನು ತೆರವು ಮಾಡಿಸಲು ಸೈನ್ಯಕ್ಕೆ ಆಜ್ಞೆಯಾಗಿದೆಯೆಂದು ಪತ್ರಕರ್ತರಿಗೆ ಹೇಳಿದರು. 20ರ ಬೆಳಗ್ಗೆ ನಮ್‌ಕಾ ಚು ಹೊಳೆಯ ದಡದಲ್ಲಿ ಬ್ರಿಗೇಡಿಯರ್ ದಳವಿಯವರ ಏಳನೆಯ ಬ್ರಿಗೇಡು ಕೊಚ್ಚಿಹೋಯಿತು. ಹಳೆಯ 303 ಬಂದೂಕು, ಬೇಸಗೆಯ ಹತ್ತಿಯ ಉಡುಪು, ಎಣಿಸಿಡಬೇಕಾದಷ್ಟೇ ಗುಂಡು. ಸೆರೆಯಿಂದ ಬಿಡುಗಡೆಯಾಗಿ ಬಂದ ದಳವಿಯವರು ಬರೆದ ‘ಹಿಮಾಲಯನ್ ಬ್ಲಂಡರ್’ ಗ್ರಂಥವನ್ನು ರವಿ ಬೆಳಗೆರೆಯವರ ಅನುವಾದದಲ್ಲಿ ಓದಿ ಕಣ್ಣು ತೇವ ಮಾಡಿಕೊಂಡ ಕನ್ನಡಿಗರು ಅನೇಕರಿದ್ದಾರೆ. ಲೋಕಸಭೆಯಲ್ಲಿ ಕೇಳದೆ ಉಳಿದ ಸಪ್ಪೆ ಪ್ರಶ್ನೆಗಳಿಗೆ ಉತ್ತರ ಕೊಟ್ಟವರು ಆ ಹೊಳೆಯ ದಡದ ಸಿಪಾಯಿಗಳು.

ಆ ಕತ್ತಲೆಯ ದಿನಗಳಲ್ಲಿಯೇ ನಮ್ಮ ಪಾರ್ಲಿಮೆಂಟು ತನ್ನ ಅತ್ಯುತ್ತಮ ಗುಣವನ್ನೂ ತೋರಿಸಿತೆನ್ನಬೇಕು. ಸಭೆಯನ್ನು ಬೇಗ ಕರೆಯಿರೆಂದು ವಾಜಪೇಯಿ ಮೊದಲಾದ ವಿರೋಧ ಪಕ್ಷದವರು ಕೇಳಿದರು. ಯುದ್ಧ ನಡೆಯುತ್ತಿದ್ದಂತೆಯೇ ನವೆಂಬರ್ 8ರಂದು ಅದು ಸೇರಿತು. ಹಿಂದಿನ ದಿನವೇ ಮೆನನ್ ಅವರು ಮಂತ್ರಿಮಂಡಲದಿಂದ ಹೊರಗೆ ಬಂದಿದ್ದರು. ಲೋಕಸಭೆಯಲ್ಲಿ 165 ಮಂದಿ ಸದಸ್ಯರು ಮಾತಾಡಿದರು. ಬಾಗಿಲು ಮುಚ್ಚಿ ರಹಸ್ಯ ಅಧಿವೇಶನ ನಡೆಸೋಣವೆಂಬ ಸಲಹೆ ಬಂದಿತು, ಎಲ್. ಎಂ. ಸಿಂಘ್ವಿಯವರು ಅದನ್ನು ಮುಂದಿಟ್ಟವರು. ನೆಹರೂರವರು ಒಪ್ಪಲಿಲ್ಲ. ಇಡೀ ದೇಶದ ಮನಸ್ಸನ್ನು ತುಂಬಿಕೊಂಡಿರುವ ವಿಷಯವನ್ನು ದೇಶದ ಎದುರಿಗೇ ಚರ್ಚಿಸಬೇಕೆಂಬುದು ಅವರ ನಿಲುವು. ಶತ್ರು ನೆಲದ ಮೇಲೆ ನಿಂತಿರುವಾಗ, ತನ್ನ ಮೇಲೆಯೇ ಬೀಳಲಿರುವ ಏಟುಗಳಿಗೆ ಬಾಗಿಲು ತೆರೆದಿಟ್ಟ ಪ್ರಧಾನಿಯ ಈ ನಡತೆಯನ್ನು, ಅವರ ತಪ್ಪುಗಳನ್ನು ಎಣಿಸುವವರು ಕೂಡ ಎಣಿಸಿಕೊಳ್ಳಬೇಕು.

‘ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು’ ಎಂಬ ಗಾದೆ ನಮ್ಮದು. 1962-63ರ ಬಜೆಟ್ಟಿನಲ್ಲಿ ರಕ್ಷಣೆಗೆಂದು ಇಟ್ಟಿದ್ದುದು 376 ಕೋಟಿ ರೂಪಾಯಿ. ಮರುವರ್ಷ ಅದು 867 ಕೋಟಿಯಾಯಿತು. ಆಗ ಯಾರೂ ಹೆಚ್ಚಾಯಿತೆನ್ನಲಿಲ್ಲ. ಭಯದಲ್ಲಿ ಕೊಟ್ಟ ಹಣಕ್ಕೆ ಲೆಕ್ಕ ಕೇಳುವುದು ಇನ್ನೂ ಕಷ್ಟ. ಸೋಲಿನ ಕಾರಣಗಳನ್ನು ವಿಚಾರಿಸಿದ ಹೆಂಡರ್ಸನ್ ಬ್ರೂಕ್ಸ್ ಮತ್ತು ಭಗತ್ ಅವರ ವರದಿಯ ಸಾರವೆಂದು ಕೆಲವು ಮಾತುಗಳನ್ನು ರಕ್ಷಣಾ ಮಂತ್ರಿ ಚವಾಣರು 1963ರ ಸೆಪ್ಟೆಂಬರ್ 2ರಂದು ಲೋಕಸಭೆಗೆ ಹೇಳಿದರು: ತರಬೇತಿ, ಸಲಕರಣೆ, ಅಧಿಕಾರದ ಕ್ರಮ, ಇವುಗಳಲ್ಲಿ ಕೊರತೆಯಿತ್ತು ಎಂದು. ವರದಿಯನ್ನು ಮಾತ್ರ ಸಭೆಯ ಮುಂದೆ ಇಡಲಿಲ್ಲ. ಅದರ ದೊಡ್ಡ ಭಾಗವನ್ನು 2014ರಲ್ಲಿ ಓದುವಂತಾದುದು ಒಬ್ಬ ವಿದೇಶೀ ಪತ್ರಕರ್ತ, ನೆವಿಲ್ ಮ್ಯಾಕ್ಸ್‌ವೆಲ್, ಬಹಿರಂಗ ಮಾಡಿದುದರಿಂದ. ಮಡಿದವರ ಮೊಮ್ಮಕ್ಕಳು ದೊಡ್ಡವರಾಗುವಷ್ಟು ಕಾಲ ಉಳಿದ ಗುಟ್ಟು ಶತ್ರುವಿನಿಂದ ಕಾಪಾಡಿದ ಗುಟ್ಟೇ, ನಮ್ಮಿಂದ ಕಾಪಾಡಿದ ಗುಟ್ಟೇ?

ಗುಟ್ಟು ಬೇಡವೆಂದು ಯಾರೂ ಹೇಳುವುದಿಲ್ಲ. ಯಾವ ಕಣಿವೆಯಲ್ಲಿ ಎಷ್ಟು ತೋಪುಗಳಿವೆಯೆಂದು ತೆರೆದ ಸಭೆಯಲ್ಲಿ ಓದಲಾಗದು. ಅದಕ್ಕಾಗಿಯೇ ಸಮಿತಿಗಳು ಬಾಗಿಲು ಮುಚ್ಚಿ ಕೂಡುತ್ತವೆ. ಆದರೆ ಗುಟ್ಟಿನ ಹೆಸರಿನಲ್ಲಿ ತಪ್ಪು ಅಡಗಿದರೆ ಹಾನಿ ಎರಡು ಕಡೆಗೆ. ಬೊಫೋರ್ಸಿನ ಪ್ರಕರಣ ಇದಕ್ಕೆ ಸಾಕ್ಷಿ. 1986ರಲ್ಲಿ 1437 ಕೋಟಿ ರೂಪಾಯಿಗೆ 410 ತೋಪುಗಳನ್ನು ಕೊಳ್ಳುವ ಕರಾರಾಯಿತು. ಮರುವರ್ಷ ಸ್ವೀಡನ್ನಿನ ಬಾನುಲಿ ಲಂಚದ ಸುದ್ದಿ ಬಿತ್ತರಿಸಿತು. ನಮ್ಮ ಚಿಕ್ಕೋಡಿಯಿಂದ ಆರಿಸಿ ಹೋಗಿದ್ದ ಬಿ. ಶಂಕರಾನಂದರ ಅಧ್ಯಕ್ಷತೆಯಲ್ಲಿ ಜಂಟಿ ಸಮಿತಿ ಕುಳಿತಿತು. ಪ್ರಮುಖ ವಿರೋಧ ಪಕ್ಷಗಳು ಅದರಿಂದ ಹೊರಗೆ ಉಳಿದವು. 1988ರ ಅದರ ವರದಿ ಜನರ ಸಂಶಯವನ್ನು ಕಳೆಯಲಿಲ್ಲ. 1989ರಲ್ಲಿ ಮಹಾಲೇಖಪಾಲರ ವರದಿ ಬಂದಾಗ ವಿರೋಧ ಪಕ್ಷದ ಸದಸ್ಯರು ಸಾಮೂಹಿಕವಾಗಿ ಲೋಕಸಭೆಯನ್ನು ತ್ಯಜಿಸಿದರು. ಆಮೇಲೆ 1999ರಲ್ಲಿ ಕಾರ್ಗಿಲ್ ಬೆಟ್ಟಗಳ ಮೇಲೆ ಅದೇ ತೋಪುಗಳು ನಮ್ಮ ಮಾನ ಕಾದವು! ತೋಪು ಚೆನ್ನಾಗಿತ್ತು, ಲೆಕ್ಕ ಚೆನ್ನಾಗಿರಲಿಲ್ಲ. ಲೆಕ್ಕವನ್ನು ಆಗಲೇ ನೇರಮಾಡಿದ್ದರೆ ಒಳ್ಳೆಯ ತೋಪಿಗೆ ಕೆಟ್ಟ ಹೆಸರು ಬರುತ್ತಿರಲಿಲ್ಲ.

1993ರಲ್ಲಿ ಪಾರ್ಲಿಮೆಂಟು ಇಲಾಖೆಗಳಿಗೆ ಸಂಬಂಧಿಸಿದ ಸ್ಥಾಯೀ ಸಮಿತಿಗಳನ್ನು ಏರ್ಪಡಿಸಿತು. ರಕ್ಷಣೆಗೂ ಒಂದು ಬಂದಿತು. ಎರಡೂ ಸದನಗಳ ಸದಸ್ಯರು ಪಕ್ಷಭೇದ ಬದಿಗಿಟ್ಟು ಕುಳಿತು, ಅಧಿಕಾರಿಗಳನ್ನೂ ಸೇನೆಯವರನ್ನೂ ಕರೆಸಿ, ಬೂಟಿನ ಪ್ರಶ್ನೆ, ಗುಂಡಿನ ಪ್ರಶ್ನೆ ಕೇಳುವ ಜಾಗ ಇದು. 2018ರಲ್ಲಿ ಮೇಜರ್ ಜನರಲ್ ಖಂಡೂರಿಯವರು ಅಧ್ಯಕ್ಷರಾಗಿದ್ದಾಗ, ಸೇನೆಯ ಸಲಕರಣೆಯಲ್ಲಿ ಶೇಕಡ 68 ಭಾಗ ಹಳೆಯ ಕಾಲದ್ದೆಂದು ಉಪಮುಖ್ಯಸ್ಥರೇ ಸಮಿತಿಗೆ ತಿಳಿಸಿದರು. ಅದಕ್ಕೆ ಹಿಂದಿನ ವರ್ಷ, ಪರಿಶೀಲಿಸಿದ ಮದ್ದುಗುಂಡುಗಳ 152 ಬಗೆಗಳಲ್ಲಿ ಶೇಕಡ 40ರಷ್ಟು ಹತ್ತು ದಿನದ ಯುದ್ಧಕ್ಕೂ ಸಾಲವೆಂದು ಮಹಾಲೇಖಪಾಲರು ಬರೆದಿದ್ದರು. ಇಂಥ ಮಾತು ಯುದ್ಧದ ನಂತರ ಬಾರದೆ ಮುಂಚೆಯೇ ಬಂದುದು 1962ರಿಂದ ನಾವು ಕಲಿತ ಪಾಠ. ಸಮಿತಿಯ ಸಲಹೆ ಸರ್ಕಾರವನ್ನು ಕಟ್ಟಿಹಾಕುವುದಿಲ್ಲವೆಂಬುದು ನಿಜ. ಗೋಖಲೆಯವರ ಮಾತೂ ಕಟ್ಟಿಹಾಕುತ್ತಿರಲಿಲ್ಲ.

ಆದರೆ ಸಮಿತಿ ಸಭೆಗೆ ಬದಲಲ್ಲ. ಕಾಲಾವಕಾಶ ಮುಗಿದಾಗ ಉಳಿದ ಬೇಡಿಕೆಗಳನ್ನೆಲ್ಲ ಒಟ್ಟಿಗೆ ಓಟಿಗೆ ಹಾಕುವ ಒಂದು ಪದ್ಧತಿಯುಂಟು. ಅದನ್ನು ಗಿಲೊಟಿನ್ ಎನ್ನುತ್ತಾರೆ. 2018ರಲ್ಲಿಯೂ 2023ರಲ್ಲಿಯೂ ಲೋಕಸಭೆ ಗದ್ದಲದಲ್ಲಿ ಮುಳುಗಿ, ಎಲ್ಲ ಇಲಾಖೆಗಳ ಬೇಡಿಕೆಗಳೂ ಚರ್ಚೆಯಿಲ್ಲದೆ ಈ ಕತ್ತಿಯ ಕೆಳಗೆ ಹಾದುಹೋದವು. 2023ರಲ್ಲಿ ರಕ್ಷಣೆಯ ಪಾಲು 5.94 ಲಕ್ಷ ಕೋಟಿ ರೂಪಾಯಿ. 1962ರಲ್ಲಿ ಯುದ್ಧದ ನಡುವೆ ಮಾತಾಡಲು 165 ಮಂದಿ ಎದ್ದ ಮನೆಯದು. ಗದ್ದಲಕ್ಕೆ ಕಾರಣ ಯಾವ ಪಕ್ಷವೆಂಬ ವಾದ ಬೇರೆ. ಲೆಕ್ಕ ಕೇಳಬೇಕಾದ ಹೊತ್ತು ಮಾತ್ರ ಕಳೆದುಹೋಯಿತು.

ಮೈಸೂರಿನ ರೈತನು ಪೊಗದಿಗೆಂದು ತೆತ್ತಾಗ ಕೇಳುವ ಹಕ್ಕು ಅವನಿಗೆ ಇರಲಿಲ್ಲ. ಶಿವಸ್ವಾಮಿ ಅಯ್ಯರ್ ಅವರಿಗೆ ಮಾತಿತ್ತು, ಓಟಿರಲಿಲ್ಲ. ನಮಗೆ ಎರಡೂ ಇವೆ. ಬೇಲಿಯನ್ನು ಕಿತ್ತವರು ಅವರು. ಬೇಲಿಯಿಲ್ಲದ ಹೊಲಕ್ಕೆ ಇಳಿಯದೆ ಬದುವಿನ ಮೇಲೆ ಕುಳಿತು ಜಗಳವಾಡಿದರೆ, ಮುಂದೆ ಯಾವುದೋ ಹೊಳೆಯ ದಡದಲ್ಲಿ, ಹತ್ತಿಯ ಉಡುಪಿನಲ್ಲಿ ನಡುಗುತ್ತ ನಿಂತ ಹುಡುಗನೊಬ್ಬ ನಮ್ಮ ಪರವಾಗಿ ಆ ದಂಡವನ್ನು ತೆರಬೇಕಾಗುತ್ತದೆ.